ಮೇಲಿನ ಮನೆಯ ಹೆಜ್ಜೆ, ಕೆಳಗಿನ ಮನೆಯ ಓದು

ಮಾರ್ಚ್ ತಿಂಗಳು ಸಮೀಪಿಸಿತೆಂದರೆ ಆದೋನಿ, ಆಲೂರು, ಕೌತಾಳಂ, ಕೋಸಿಗಿ, ಹೊಳಗುಂದಗಳ ಕನ್ನಡ ಮಾಧ್ಯಮದ ಮನೆಗಳಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯದೇ ಚಿಂತೆ. ರಾತ್ರಿಯ ಊಟ ಮುಗಿದು ಹುಡುಗಿಯೊಬ್ಬಳು ಪುಸ್ತಕ ತೆರೆಯುತ್ತಾಳೆ. ಅದೇ ಹೊತ್ತಿಗೆ ಮೇಲಿನ ಮನೆಯಲ್ಲಿ ಕುರ್ಚಿ ಎಳೆದ ಸದ್ದು, ಮಕ್ಕಳು ಓಡಾಡಿದ ಸದ್ದು, ನಾಳೆಯ ದೋಸೆಗೆ ಗ್ರೈಂಡರ್ ತಿರುಗಿದ ಸದ್ದು. ತಾಯಿ ಕಿಟಕಿ ಮುಚ್ಚುತ್ತಾಳೆ, ಸದ್ದು ನಿಲ್ಲುವುದಿಲ್ಲ. ತಂದೆ ಬಾಗಿಲು ಮುಚ್ಚುತ್ತಾನೆ; ಆಗಲೂ ನಿಲ್ಲುವುದಿಲ್ಲ. ಏಕೆಂದರೆ ಆ ಸದ್ದು ಕಿಟಕಿಯಿಂದಲೂ ಬಾಗಿಲಿನಿಂದಲೂ ಬರುತ್ತಿಲ್ಲ. ತಲೆಯ ಮೇಲಿನ ಸ್ಲ್ಯಾಬಿನೊಳಗಿನಿಂದಲೇ ಇಳಿಯುತ್ತಿದೆ.

ಇಂತಹ ಮನೆಗಳವರಿಗೆ ಈಗ ಪೇಟೆಯಲ್ಲಿ ಒಂದು ಹೊಸ ಪದಾರ್ಥದ ಹೆಸರು ಕೇಳಿಬರುತ್ತಿದೆ: ಸದ್ದು ತಡೆಯುವ ನೆಲದ ಹಲಗೆ. ಅದನ್ನು ಹಾಕಿಸಿದರೆ ಮನೆ ನಿಶ್ಶಬ್ದವಾಗುತ್ತದೆ ಎಂಬ ಭರವಸೆ ಅದರ ಜೊತೆಗೇ ಬರುತ್ತದೆ. ಭರವಸೆ ಸಂಪೂರ್ಣ ಸುಳ್ಳಲ್ಲ, ಸಂಪೂರ್ಣ ನಿಜವೂ ಅಲ್ಲ. ಯಾವ ಸದ್ದು, ಯಾವ ದಾರಿಯಿಂದ ಬರುತ್ತಿದೆ ಎಂಬುದನ್ನು ಅರಿಯದೆ ಹಲಗೆ ಕೊಳ್ಳುವುದು, ರೋಗ ಯಾವುದೆಂದು ಕೇಳದೆ ಔಷಧ ಕೊಂಡಂತೆ.

ಮಾಳಿಗೆಯಿಂದ ಸ್ಲ್ಯಾಬಿಗೆ

ಈ ಸೀಮೆಯ ಹಳೆಯ ಮನೆಗಳು ಮಾಳಿಗೆ ಮನೆಗಳು. ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಚಪ್ಪಡಿ, ಎಲ್ಲಕ್ಕೂ ಮೇಲೆ ಮಳೆ ನಿಲ್ಲಿಸುವ ಸವುಳು ಮಣ್ಣಿನ ದಪ್ಪ ಹಾಸು. ಆ ಮಣ್ಣನ್ನು ಹಿರಿಯರು ಹಾಕಿದ್ದು ಬಿಸಿಲಿಗೂ ಮಳೆಗೂ. ಆದರೆ ಅದು ತಿಳಿಯದೆಯೇ ಮೂರನೆಯ ಉಪಕಾರವನ್ನೂ ಮಾಡುತ್ತಿತ್ತು: ಭಾರವಾದ ಸಡಿಲ ಮಣ್ಣು ಕಂಪನವನ್ನು ನುಂಗುತ್ತದೆ. ಸ್ಕಾಟ್ಲೆಂಡಿನ ಹಳೆಯ ಮಹಡಿ ಮನೆಗಳಲ್ಲಿ ಮರದ ನೆಲದ ತೊಲೆಗಳ ನಡುವೆ ಬೂದಿ ತುಂಬುತ್ತಿದ್ದುದು ಇದೇ ಕಾರಣಕ್ಕೆ. ಕೆಳಗಿನ ಮನೆಯವರಿಗೆ ಮೇಲಿನ ಮನೆಯ ಸದ್ದು ಕೇಳಬಾರದೆಂದು. ಎರಡು ದೂರದ ನಾಡುಗಳು, ಒಂದೇ ತಿಳಿವಳಿಕೆ.

ಮಾಳಿಗೆ ಮನೆಯಲ್ಲಿ ಮತ್ತೊಂದು ಅನುಕೂಲವಿತ್ತು. ಅದರ ಮೇಲೆ ಇನ್ನೊಂದು ಸಂಸಾರ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ಮಲಗಲು, ಮೆಣಸಿನಕಾಯಿ ಒಣಗಿಸಲು ಹತ್ತುವ ಜಾಗ ಅದು. ಇಂದು ಅದೇ ನಿವೇಶನದಲ್ಲಿ ಸಿಮೆಂಟಿನ ಸ್ಲ್ಯಾಬು ಬಿದ್ದು, ಅದರ ಮೇಲೆ ಬಾಡಿಗೆಯ ಮನೆ ಎದ್ದಿದೆ. ಸ್ಲ್ಯಾಬಿನ ದಪ್ಪ ಸಾಮಾನ್ಯವಾಗಿ ನಾಲ್ಕೂವರೆಯಿಂದ ಐದು ಇಂಚು; ಅದಕ್ಕೆ ಅಂಟಿಸಿದ ಬೇತಂಚೆರ್ಲ ಕಲ್ಲು, ಕಡಪ ಕಲ್ಲು ಅಥವಾ ವಿಟ್ರಿಫೈಡ್ ಟೈಲ್ಸ್. ಎಲ್ಲವೂ ಗಟ್ಟಿ, ಎಲ್ಲವೂ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿದೆ. ಮೇಲೆ ಲೋಟ ಬಿದ್ದರೆ ಕೆಳಗೆ ಗಂಟೆ ಬಾರಿಸಿದಂತೆ ಕೇಳುವುದು ಇದರಿಂದಲೇ.

ಹಾಸಿನ ವಿಷಯದಲ್ಲಿ ಆದೋನಿ ಊರಿಗೆ ಒಂದು ಹಳೆಯ ಕೀರ್ತಿಯೂ ಇದೆ. ಇಪ್ಪತ್ತನೆಯ ಶತಮಾನದ ಆರಂಭದ ಬ್ರಿಟಿಷ್ ವಿವರಣೆಗಳು ಆದೋನಿಯನ್ನು ಹೆಸರಿಸುವಾಗ ಹತ್ತಿ ಒತ್ತುವ ಕಾರ್ಖಾನೆಗಳ ಜೊತೆಗೆ ಇಲ್ಲಿನ ಜಮಖಾನೆಗಳನ್ನೂ, ಹತ್ತಿ ಮತ್ತು ರೇಷ್ಮೆಯ ಬಟ್ಟೆಗಳನ್ನೂ ಹೆಸರಿಸುತ್ತವೆ. ದಪ್ಪ ನೂಲಿನ ಜಮಖಾನೆ ಹಾಸಿದ ಪಡಸಾಲೆಯಲ್ಲಿ ನಡೆದಾಡಿದರೆ ಸದ್ದು ಎಷ್ಟು ಕಡಿಮೆ ಎಂಬುದು ಹಿರಿಯರಿಗೆ ಗೊತ್ತು. ನೆಲದ ಸದ್ದಿಗೆ ಮೊದಲ ಮದ್ದು ನೆಲದ ಮೇಲಿನ ಮೆತ್ತೆ ಎಂಬ ಸತ್ಯವನ್ನು ಆದೋನಿಗೆ ಯಾವ ಕಂಪನಿಯೂ ಕಲಿಸಬೇಕಾಗಿಲ್ಲ.

ಸದ್ದಿನ ಎರಡು ದಾರಿಗಳು

ಮನೆಯೊಳಗೆ ಬರುವ ಸದ್ದು ಎರಡು ಬಗೆ. ಮೊದಲನೆಯದು ಗಾಳಿಯ ಮೂಲಕ ಬರುವುದು: ಮಾತು, ಟಿವಿ, ಧ್ವನಿವರ್ಧಕ, ಬೀದಿಯ ಹಾರ್ನು, ಜಿನ್ನಿಂಗ್ ಮಿಲ್ಲಿನ ಯಂತ್ರ, ಗುಂತಕಲ್ಲು–ರಾಯಚೂರು ಮಾರ್ಗದ ರೈಲಿನ ಸೀಟಿ. ಎರಡನೆಯದು ಬಡಿತದ ಸದ್ದು: ಹೆಜ್ಜೆ, ಎಳೆದ ಮಂಚ, ಬಿದ್ದ ಪಾತ್ರೆ, ಕುಟ್ಟಾಣಿ, ನೆಲವನ್ನೇ ನಡುಗಿಸುವ ಗ್ರೈಂಡರ್. ಇಲ್ಲಿ ಗಾಳಿ ಬಳಲುವುದಕ್ಕೆ ಮುಂಚೆಯೇ ಸ್ಲ್ಯಾಬು ಕಂಪಿಸಿ, ಆ ಕಂಪನ ಗೋಡೆ, ಕಂಬ, ತೊಲೆಗಳಲ್ಲಿ ಹರಡಿ, ಕೆಳಗಿನ ಕೋಣೆಯಲ್ಲಿ ಮತ್ತೆ ಸದ್ದಾಗಿ ಹೊರಬರುತ್ತದೆ.

ಮಗ್ಗ ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದ ಕಾಲದಿಂದಲೂ ಆ ಊರು ಮಗ್ಗದ ಊರೆಂದೇ ಹೆಸರಾದದ್ದು. ಗುಂಡಿ ಮಗ್ಗದ ಪೆಟ್ಟು ನೆಲಕ್ಕೆ ಇಳಿದು ಮಣ್ಣಿನಲ್ಲೇ ಅಡಗುತ್ತದೆ. ಅದೇ ಪೆಟ್ಟು ಮೊದಲ ಮಹಡಿಯ ಸ್ಲ್ಯಾಬಿನ ಮೇಲೆ ಬಿದ್ದರೆ ಕೆಳಗಿನ ಮನೆಯವರು ನಿದ್ದೆ ಮಾಡಲಾರರು. ಪೆಟ್ಟು ಒಂದೇ; ಅದನ್ನು ಹೊತ್ತ ನೆಲ ಬೇರೆ.

ಈ ಎರಡು ಬಗೆಯ ಸದ್ದಿಗೆ ಮದ್ದೂ ಎರಡು ಬಗೆ. ಗಾಳಿಯ ಸದ್ದನ್ನು ತಡೆಯುವುದು ಭಾರ ಮತ್ತು ಬಿಗಿ: ದಪ್ಪ ಗೋಡೆ, ದಪ್ಪ ಸ್ಲ್ಯಾಬು, ಸಂದಿಯಿಲ್ಲದ ಬಾಗಿಲು. ಬಡಿತದ ಸದ್ದನ್ನು ತಡೆಯುವುದು ಮೆತ್ತೆ ಮತ್ತು ಬೇರ್ಪಡಿಕೆ: ಹೆಜ್ಜೆ ಬೀಳುವ ಮೇಲ್ಮೈಗೂ ಸ್ಲ್ಯಾಬಿಗೂ ನಡುವೆ ಬಾಗಿ ಬಳಕುವ ಒಂದು ಪದರ. ಅಂಕಿಗಳಲ್ಲಿ ಹೇಳುವುದಾದರೆ, ಮೇಲೆ ಏನೂ ಹಾಸದ 150 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಸ್ಲ್ಯಾಬು ಗಾಳಿಯ ಸದ್ದಿನ ಪರೀಕ್ಷೆಯಲ್ಲಿ 50ಕ್ಕೂ ಹೆಚ್ಚು ಅಂಕ ಗಳಿಸುತ್ತದೆ. ಬಡಿತದ ಸದ್ದಿನ ಪರೀಕ್ಷೆಯಲ್ಲಿ ಅದೇ ಸ್ಲ್ಯಾಬಿಗೆ ಸಿಗುವುದು 30ರ ಆಸುಪಾಸು ಮಾತ್ರ. ಅಮೆರಿಕದ ಮಾದರಿ ಕಟ್ಟಡ ಸಂಹಿತೆ ವಸತಿಗಳ ನಡುವಿನ ನೆಲಕ್ಕೆ ಎರಡರಲ್ಲೂ 50 ಬೇಕೆನ್ನುತ್ತದೆ. ಅಂದರೆ ನಮ್ಮ ಸ್ಲ್ಯಾಬು ಮೊದಲನೆಯದರಲ್ಲಿ ಉತ್ತೀರ್ಣ, ಎರಡನೆಯದರಲ್ಲಿ ಅನುತ್ತೀರ್ಣ. ಕೆಳಗಿನ ಮನೆಯವರಿಗೆ ಮೇಲಿನವರ ಮಾತು ಕೇಳಿಸದೆ ಹೆಜ್ಜೆ ಮಾತ್ರ ಕೇಳಿಸುವುದರ ಗುಟ್ಟು ಇದೇ.

ಆದ್ದರಿಂದ ಮೊದಲ ಕೆಲಸ ಹಲಗೆಯ ಅಂಗಡಿಗೆ ಹೋಗುವುದಲ್ಲ; ಒಂದು ವಾರ ಕಿವಿಗೊಟ್ಟು ಕೇಳುವುದು. ಯಾವ ಸದ್ದು, ಎಷ್ಟು ಗಂಟೆಗೆ, ಎಲ್ಲಿಂದ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಆ ಪಟ್ಟಿಯಲ್ಲಿ ಬೀದಿಯ ಧ್ವನಿವರ್ಧಕವೇ ಹೆಚ್ಚಿದ್ದರೆ ನೆಲದ ಹಲಗೆಗೆ ಕೊಡುವ ಹಣ ವ್ಯರ್ಥ. ಹೆಜ್ಜೆ, ಕುರ್ಚಿ, ಗ್ರೈಂಡರ್ ಹೆಚ್ಚಿದ್ದರೆ ಮಾತ್ರ ನೆಲದ ವಿಚಾರ. ಆಗಲೂ ನೆನಪಿಡಬೇಕಾದುದು: ಹಲಗೆ ಬೇಕಾಗಿರುವುದು ಸದ್ದು ಕೇಳುವವರ ನೆಲಕ್ಕಲ್ಲ, ಸದ್ದು ಮಾಡುವವರ ನೆಲಕ್ಕೆ.

ಓದುವ ಮಕ್ಕಳಿಗೆ ಇದರಿಂದೇನು?

ಗದ್ದಲ ಮಕ್ಕಳ ಓದನ್ನು ಎಷ್ಟು ಹಿಂದಕ್ಕೆಳೆಯಬಲ್ಲದು ಎಂಬುದಕ್ಕೆ ನ್ಯೂಯಾರ್ಕ್ ನಗರದ ಒಂದು ಶಾಲೆ ಪ್ರಸಿದ್ಧ ಸಾಕ್ಷಿ. ಮನಶ್ಶಾಸ್ತ್ರಜ್ಞೆ ಆರ್ಲೀನ್ ಬ್ರಾನ್ಜಾಫ್ಟ್ ಅವರು ಡೆನ್ನಿಸ್ ಮೆಕಾರ್ಥಿಯವರೊಡನೆ 1975ರಲ್ಲಿ ಪ್ರಕಟಿಸಿದ ಅಧ್ಯಯನವದು. ಶಾಲೆಯ ಒಂದು ಪಕ್ಕದಲ್ಲಿ ಎತ್ತರದ ರೈಲುಮಾರ್ಗ. ಕೆಲವೇ ನಿಮಿಷಗಳಿಗೊಮ್ಮೆ ರೈಲು ಹಾದುಹೋಗುತ್ತಿತ್ತು, ಅಧ್ಯಾಪಕರು ಪ್ರತಿಸಲವೂ ಮಾತು ನಿಲ್ಲಿಸುತ್ತಿದ್ದರು. ಆ ಪಕ್ಕದ ಕೋಣೆಗಳ ಆರನೆಯ ತರಗತಿಯ ಮಕ್ಕಳು, ಅದೇ ಶಾಲೆಯ ಶಾಂತ ಪಕ್ಕದ ಮಕ್ಕಳಿಗಿಂತ ಓದುವ ಸಾಮರ್ಥ್ಯದಲ್ಲಿ ಸುಮಾರು ಒಂದು ವರ್ಷದಷ್ಟು ಹಿಂದಿದ್ದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅನಂತರ ರೈಲು ಇಲಾಖೆ ಶಾಲೆಯ ಬಳಿ ಹಳಿಗಳ ಕೆಳಗೆ ರಬ್ಬರಿನ ಮೆತ್ತೆ ಹಾಕಿಸಿತು. ಶಿಕ್ಷಣ ಮಂಡಳಿ ಗದ್ದಲದ ಕೋಣೆಗಳಿಗೆ ಸದ್ದು ಹೀರುವ ಚಾವಣಿ ಹಾಕಿಸಿತು. 1981ರಲ್ಲಿ ಪ್ರಕಟವಾದ ಮರು ಅಧ್ಯಯನದಲ್ಲಿ ಎರಡೂ ಪಕ್ಕದ ಮಕ್ಕಳ ನಡುವಣ ಅಂತರ ಕಾಣಿಸಲಿಲ್ಲ. ಮಕ್ಕಳು ದಡ್ಡರಾಗಿರಲಿಲ್ಲ, ಅವರಿಗೆ ಪಾಠ ಕೇಳಿಸುತ್ತಿರಲಿಲ್ಲ, ಅಷ್ಟೆ. ಒಂದು ರಬ್ಬರಿನ ಮೆತ್ತೆ, ಒಂದು ಚಾವಣಿ ಆ ಅನ್ಯಾಯವನ್ನು ಸರಿಪಡಿಸಿದವು.

ಗಡಿನಾಡಿನ ಕನ್ನಡ ಮಕ್ಕಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಕಚೇರಿ, ಬ್ಯಾಂಕು, ಬಸ್ ನಿಲ್ದಾಣಗಳ ವ್ಯವಹಾರ ಬಹುಮಟ್ಟಿಗೆ ತೆಲುಗಿನಲ್ಲಿ ನಡೆಯುತ್ತದೆ. ಪುಸ್ತಕದ ಕನ್ನಡವನ್ನು ನಿಧಾನವಾಗಿ, ವಾಕ್ಯ ವಾಕ್ಯವಾಗಿ ಕೇಳಿ ಕಲಿಯುವ ಎಡೆಗಳು ಮುಖ್ಯವಾಗಿ ಎರಡೇ: ಶಾಲೆಯ ಕೋಣೆ, ಮನೆಯ ಪಡಸಾಲೆ. ಆ ಎರಡು ಎಡೆಗಳಲ್ಲಿ ಗದ್ದಲ ತುಂಬಿದರೆ ಮೊದಲು ಕಳೆದುಹೋಗುವುದು ಆ ಕನ್ನಡವೇ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಕಲಿಸುವ ಅಧ್ಯಾಪಕರ ದನಿ ಕಡೆಯ ಬೆಂಚಿಗೆ ತಲುಪದಿದ್ದರೆ ಆ ಅನುಕೂಲ ಅರ್ಧವಾದಂತೆ.

ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ತರಗತಿಯ ಕೋಣೆಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದೆಂದೂ, ಮಲಗುವ ಕೋಣೆಯಲ್ಲಿ ರಾತ್ರಿ 30 ಡೆಸಿಬೆಲ್ ಮೀರಬಾರದೆಂದೂ ಸೂಚಿಸಿದೆ. ಎದುರು ಕುಳಿತು ಆಡುವ ಸಹಜ ಮಾತು ಸುಮಾರು 60 ಡೆಸಿಬೆಲ್. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧದಷ್ಟಾದಂತೆ ತೋರುತ್ತದೆ. ಆದ್ದರಿಂದ ನೆಲದ ಹಾಸೊಂದು 15 ಡೆಸಿಬೆಲ್ ಇಳಿಸುವುದಾದರೆ ಅದು ಸಣ್ಣ ಸಂಗತಿಯಲ್ಲ.

ಹಲಗೆಗಳಲ್ಲಿ ಎಷ್ಟು ಬಗೆ

ಪೇಟೆಯಲ್ಲಿ ಒಂದೇ ಹೆಸರಿನಲ್ಲಿ ಮಾರಾಟವಾಗುವ ಸಾಮಗ್ರಿಗಳು ಒಂದೇ ಅಲ್ಲ.

ಮರದ ಪುಡಿಯನ್ನು ಒತ್ತಿ ಮಾಡಿದ ಲ್ಯಾಮಿನೇಟ್ ಹಲಗೆಗಳು, ಕೆಳಗೆ ತೆಳುವಾದ ಫೋಮ್ ಹಾಳೆಯೊಡನೆ ಬರುತ್ತವೆ. ಅವನ್ನು ಸ್ಲ್ಯಾಬಿಗೆ ಅಂಟಿಸುವುದಿಲ್ಲ, ಒಂದಕ್ಕೊಂದು ಕೊಂಡಿ ಹಾಕಿ ಹಾಸುವುದು. ಆದ್ದರಿಂದ ಹೆಜ್ಜೆಯ ಸದ್ದು ಕೆಳಗಿನ ಮನೆಗೆ ಕಡಿಮೆಯೇ ಇಳಿಯುತ್ತದೆ. ಆದರೆ ಬಕೆಟ್ ನೀರು ಸುರಿದು ನೆಲ ತೊಳೆಯುವ ನಮ್ಮ ಮನೆಗಳಿಗೆ ಅವು ಹೊಂದುವುದಿಲ್ಲ. ನೀರು ಕುಡಿದರೆ ಉಬ್ಬುತ್ತವೆ. ಗೆದ್ದಲಿನ ಭಯವೂ ಇದೆ.

ವಿನೈಲ್ ಹಾಗೂ ಕಲ್ಲುಪುಡಿ ಬೆರೆಸಿದ ಪ್ಲಾಸ್ಟಿಕ್ ಹಲಗೆಗಳು ನೀರಿಗೆ ಅಂಜುವುದಿಲ್ಲ, ಗೆದ್ದಲಿಗೂ ಅಂಜುವುದಿಲ್ಲ. ಆದರೆ ತೆಳುವಾದ ವಿನೈಲ್ ಹಾಳೆಯೊಂದನ್ನು ನೇರವಾಗಿ ಅಂಟಿಸಿದರೆ ಬಡಿತದ ಸದ್ದು ಇಳಿಯುವುದು ಕೆಲವೇ ಡೆಸಿಬೆಲ್. ಕೆಲಸ ಮಾಡುವುದು ಅದರ ಕೆಳಗಿನ ಮೆತ್ತೆ, ಮೇಲಿನ ಬಣ್ಣವಲ್ಲ.

ರಬ್ಬರು ಮತ್ತು ಕಾರ್ಕ್ ಹಾಳೆಗಳನ್ನು ಟೈಲ್ಸ್ ಅಥವಾ ಕಲ್ಲಿನ ಕೆಳಗೆ ಹಾಸಬಹುದು. ಹಳೆಯ ಟೈರುಗಳ ರಬ್ಬರನ್ನು ಪುಡಿಮಾಡಿ ಒತ್ತಿದ ಹಾಳೆಗಳೂ ಸಿಗುತ್ತವೆ. ಗಟ್ಟಿ ನೆಲವೇ ಬೇಕು, ಸದ್ದೂ ಇಳಿಯಬೇಕು ಎನ್ನುವವರಿಗೆ ಇದು ಸಮಂಜಸ.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ತೇಲುವ ನೆಲ. ಸ್ಲ್ಯಾಬಿನ ಮೇಲೆ ರಬ್ಬರು ಅಥವಾ ಒತ್ತಿದ ಖನಿಜ ಉಣ್ಣೆಯ ಪದರ, ಅದರ ಮೇಲೆ ಪಾಲಿಥಿನ್ ಹಾಳೆ, ಅದರ ಮೇಲೆ ಜಾಲರಿಯಿಟ್ಟ ಸಿಮೆಂಟಿನ ಹಾಸು, ಕೊನೆಗೆ ಟೈಲ್ಸ್. ಮೇಲಿನ ನೆಲ ಸ್ಲ್ಯಾಬನ್ನೂ ಮುಟ್ಟುವುದಿಲ್ಲ, ಗೋಡೆಯನ್ನೂ ಮುಟ್ಟುವುದಿಲ್ಲ. ಮೆತ್ತೆಯ ಮೇಲೆ ತೇಲುತ್ತಿರುತ್ತದೆ. ಸರಿಯಾಗಿ ಮಾಡಿದರೆ ಬಡಿತದ ಸದ್ದು 20 ಡೆಸಿಬೆಲಿಗಿಂತ ಹೆಚ್ಚು ಇಳಿಯುವುದು ಸಾಧ್ಯ.

ಆದರೆ ಒಂದು ಎಚ್ಚರಿಕೆ. ತೆಳುವಾದ ಮೆತ್ತೆಗಳು ಚಮಚ ಬಿದ್ದ, ಕುರ್ಚಿ ಎಳೆದ ಟಣಟಣ ಸದ್ದನ್ನು ಚೆನ್ನಾಗಿ ತಡೆಯುತ್ತವೆ. ಮಕ್ಕಳು ಜಿಗಿದಾಗಿನ ಧುಮುಧುಮು ಸದ್ದನ್ನು ಅಷ್ಟಾಗಿ ತಡೆಯಲಾರವು. ಆ ತಗ್ಗಿನ ಸದ್ದಿಗೆ ದಪ್ಪ ಸ್ಲ್ಯಾಬು, ಭಾರದ ಹಾಸು ಬೇಕು. ಸಂಪೂರ್ಣ ನಿಶ್ಶಬ್ದ ಎಂಬ ಮಾತನ್ನು ಯಾರೇ ಹೇಳಿದರೂ ನಂಬಬೇಕಾಗಿಲ್ಲ.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಹಲಗೆಯ ಪೆಟ್ಟಿಗೆಯ ಮೇಲೆ ಬಡಿತದ ಸದ್ದಿನ ಅಂಕವೊಂದು ಅಚ್ಚಾಗಿರುತ್ತದೆ. ಆ ಅಂಕ ಹಲಗೆಯೊಂದರದಲ್ಲ. ಪರೀಕ್ಷೆಯ ಕೋಣೆಯಲ್ಲಿದ್ದ ಸ್ಲ್ಯಾಬು, ಮೆತ್ತೆ, ಹಲಗೆ, ಕೆಲವೊಮ್ಮೆ ಕೆಳಗೆ ತೂಗುಹಾಕಿದ ಫಾಲ್ಸ್ ಸೀಲಿಂಗ್, ಎಲ್ಲವೂ ಸೇರಿ ಬಂದ ಅಂಕ. ಫಾಲ್ಸ್ ಸೀಲಿಂಗ್ ಇಲ್ಲದ ಮನೆಯಲ್ಲಿ ಅದೇ ಹಲಗೆ ಅಷ್ಟು ಅಂಕ ಗಳಿಸುವುದಿಲ್ಲ. ಆದ್ದರಿಂದ ಕೇಳಬೇಕಾದುದು: ಪರೀಕ್ಷೆಯ ವರದಿ ಇದೆಯೇ? ಅದರಲ್ಲಿ ಸ್ಲ್ಯಾಬಿನ ದಪ್ಪ ಎಷ್ಟು? ಕೆಳಗೆ ಸೀಲಿಂಗ್ ಇತ್ತೇ? ಹಲಗೆಯೊಂದರಿಂದಲೇ ಎಷ್ಟು ಡೆಸಿಬೆಲ್ ಇಳಿಯಿತು? ಬೆಂಕಿ ತಗುಲಿದರೆ ಹೇಗೆ ಉರಿಯುತ್ತದೆ? ಅಗ್ಗದ ಫೋಮ್, ಥರ್ಮೋಕೋಲ್‌ಗಳು ಬೇಗ ಉರಿದು ವಿಷದ ಹೊಗೆ ಕಾರುತ್ತವೆ. ಅಡುಗೆಮನೆಯ ಸುತ್ತ ಅವುಗಳ ಸಹವಾಸ ಬೇಡ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಬಡಿದರೆ ಸದ್ದು ನಿಲ್ಲುತ್ತದೆಂಬುದೂ ಬರಿಯ ನಂಬಿಕೆ.

ವರದಿ ತೋರಿಸದೆ ಬಾಯಿಮಾತಿನಲ್ಲಿ ಭರವಸೆ ಕೊಡುವವರಿಂದ ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಕ್ಷೇಮ. ಸುಳ್ಳು ಭರವಸೆಯ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಐದು ಲಕ್ಷ ರೂಪಾಯಿಯವರೆಗಿನ ಖರೀದಿಗೆ ಜಿಲ್ಲಾ ಆಯೋಗದಲ್ಲಿ ದೂರಿನ ಶುಲ್ಕವಿಲ್ಲ. ದೂರನ್ನು ಎರಡು ವರ್ಷದೊಳಗೆ ಸಲ್ಲಿಸಬೇಕು. ಬಿಲ್ಲು ಇಲ್ಲದವನಿಗೆ ಕಾಯಿದೆಯೂ ಹೆಚ್ಚಿನ ನೆರವಾಗಲಾರದು.

ಮೇಸ್ತ್ರಿಯ ಕೈಯಲ್ಲಿ ಗೆಲವು ಸೋಲು

ಒಳ್ಳೆಯ ಸಾಮಗ್ರಿ ಕೆಟ್ಟ ಕೆಲಸದಿಂದ ನಿಷ್ಪ್ರಯೋಜಕವಾಗುತ್ತದೆ. ತೇಲುವ ನೆಲದ ನಿಯಮ ಒಂದೇ: ಎಲ್ಲಿಯೂ ಮುಟ್ಟಬಾರದು. ಮೆತ್ತೆಯ ಎರಡು ಹಾಳೆಗಳ ಸಂದಿಯಿಂದ ಸಿಮೆಂಟಿನ ಹಾಲು ಇಳಿದು ಸ್ಲ್ಯಾಬಿಗೆ ಅಂಟಿಕೊಂಡರೆ, ಆ ಒಂದು ಬಿಂದುವೇ ಸೇತುವೆಯಾಗಿ ಸದ್ದನ್ನು ಕೆಳಗಿಳಿಸುತ್ತದೆ. ಗೋಡೆಯ ಸುತ್ತಲೂ ನೆಲದ ಎತ್ತರದವರೆಗೆ ಮೆತ್ತೆಯ ಪಟ್ಟಿ ನಿಲ್ಲಿಸಬೇಕು. ಸ್ಕರ್ಟಿಂಗ್ ಕಲ್ಲು ಗೋಡೆಗೆ ಅಂಟಿರಬೇಕು, ನೆಲದ ಟೈಲ್ಸನ್ನು ಮುಟ್ಟಬಾರದು. ನಡುವಿನ ಸಣ್ಣ ಸಂದಿಯನ್ನು ಬಿಳಿ ಸಿಮೆಂಟಿನಿಂದಲ್ಲ, ಬಳುಕುವ ಸೀಲೆಂಟಿನಿಂದ ತುಂಬಬೇಕು. ನೆಲದೊಳಗೆ ಹಾಯುವ ನೀರಿನ ಪೈಪಿಗೂ ಮೆತ್ತೆ ಸುತ್ತಬೇಕು. ವರ್ಷಗಳಿಂದ ಎಲ್ಲವನ್ನೂ ಬಿಗಿಯಾಗಿ ಅಂಟಿಸುವುದೇ ಒಳ್ಳೆಯ ಕೆಲಸವೆಂದು ಕಲಿತ ಮೇಸ್ತ್ರಿಗೆ ಈ ಮಾತು ವಿಚಿತ್ರವೆನಿಸುತ್ತದೆ. ಕೆಲಸ ಆರಂಭವಾಗುವ ಮುನ್ನವೇ ಕುಳ್ಳಿರಿಸಿ ವಿವರಿಸಬೇಕು.

ಭಾರದ ಲೆಕ್ಕವನ್ನೂ ಮರೆಯಬಾರದು. 50 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಹಾಸು ಒಂದು ಚದರ ಮೀಟರಿಗೆ ಸುಮಾರು 120 ಕಿಲೋ ತೂಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಗೆ ಒಂದು ಟನ್ನಿಗೂ ಹೆಚ್ಚು. ಹೊಸದಾಗಿ ಕಟ್ಟುವಾಗ ಎಂಜಿನಿಯರು ಅದನ್ನು ಲೆಕ್ಕಕ್ಕೆ ಹಿಡಿಯಬಹುದು. ಹಳೆಯ ಸ್ಲ್ಯಾಬಿನ ಮೇಲೆ ಕೇಳದೆ ಹೇರುವುದು ಅಪಾಯ. ಮಾಳಿಗೆಯ ಮೇಲೆ, ಕಲ್ಲು ಚಪ್ಪಡಿಯ ಚಾವಣಿಯ ಮೇಲೆ ಅಂತಹ ಯೋಚನೆಯನ್ನೇ ಮಾಡಬಾರದು. ಹಳೆಯ ಮನೆಗೆ ಹಗುರವಾದ ಹಲಗೆ, ಮೆತ್ತೆ, ಹಾಸುಗಳೇ ಸರಿ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಎಂಟನೆಯ ಭಾಗದಲ್ಲಿ ಸದ್ದಿನ ನಿಯಂತ್ರಣಕ್ಕೇ ಒಂದು ಪ್ರಕರಣವಿದೆ. ಮನೆ ಕಟ್ಟಿಸುವವರು ನಕ್ಷೆಯ ಹಂತದಲ್ಲೇ ಎಂಜಿನಿಯರಿಗೆ ಅದನ್ನು ನೆನಪಿಸುವುದು ಉಚಿತ. ಕಟ್ಟುವಾಗ ಹಾಕುವ ಮೆತ್ತೆ ಅಗ್ಗ. ಕಟ್ಟಿದ ಮೇಲೆ ಟೈಲ್ಸ್ ಒಡೆದು ಹಾಕುವ ಮೆತ್ತೆ ದುಬಾರಿ.

ಕಡಿಮೆ ಖರ್ಚಿನ ದಾರಿ

ಎಲ್ಲ ಮನೆಗಳಿಗೂ ಹಲಗೆ ಬೇಕಾಗಿಲ್ಲ. ಕುರ್ಚಿ, ಮೇಜು, ಮಂಚದ ಕಾಲುಗಳಿಗೆ ರಬ್ಬರಿನ ಬುಡ ಹಾಕಿದರೆ ಎಳೆಯುವ ಸದ್ದು ಬಹುಪಾಲು ನಿಲ್ಲುತ್ತದೆ. ಗ್ರೈಂಡರ್, ಮಿಕ್ಸಿ, ಬಟ್ಟೆ ಒಗೆಯುವ ಯಂತ್ರಗಳ ಕೆಳಗೆ ದಪ್ಪ ರಬ್ಬರಿನ ಚಾಪೆ ಇರಲಿ. ನೀರಿನ ಮೋಟರನ್ನು ನೇರವಾಗಿ ಸ್ಲ್ಯಾಬಿಗೆ ಬೋಲ್ಟ್ ಮಾಡದೆ ರಬ್ಬರಿನ ಮೆತ್ತೆಯ ಮೇಲೆ ಕೂರಿಸಬೇಕು. ಮಕ್ಕಳು ಆಡುವ ಕೋಣೆಯಲ್ಲಿ ಜಮಖಾನೆ, ಅದರ ಕೆಳಗೆ ಒಂದು ಹಳೆಯ ಕೌದಿ. ಹಲವು ಪದರದ ಬಟ್ಟೆಯನ್ನು ಹೊಲಿದ ಕೌದಿ ಒಳ್ಳೆಯ ಮೆತ್ತೆಯೇ ಹೌದು.

ಎಲ್ಲಕ್ಕೂ ಮೊದಲು ಒಂದು ಮಾತು. ಮೇಲಿನ ಮನೆಯವರಿಗೆ ತಮ್ಮ ಸದ್ದು ಕೆಳಗೆ ಹೇಗೆ ಕೇಳುತ್ತದೆಂದು ತಿಳಿದಿರುವುದಿಲ್ಲ. “ಅಕ್ಕಾ, ಒಂದು ಸಲ ನಮ್ಮ ಮನೀಗೆ ಬಂದು ಕೂತು ನೋಡ್ರಿ” ಎಂದು ಕರೆದು ಕೇಳಿಸಿದರೆ ಅರ್ಧ ಕೆಲಸವಾದಂತೆ. “ಹುಡುಗಿಗೆ ಪರೀಕ್ಷೆ ಐತೆ, ಗ್ರೈಂಡರ್ ಸಂಜೆಗೇ ಹಾಕ್ಕೊಂತೀರೇನು?” ಎಂಬ ಪ್ರಶ್ನೆಗೆ ಇಲ್ಲವೆನ್ನುವ ನೆರೆಹೊರೆ ಕಡಿಮೆ. ರಬ್ಬರಿನ ಬುಡಗಳ ಖರ್ಚನ್ನು ಕೆಳಗಿನ ಮನೆಯವರೇ ಕೊಟ್ಟರೂ ನಷ್ಟವಿಲ್ಲ.

ಶಾಲೆಯ ಕೋಣೆಗಳಿಗೂ ಇಂತಹ ಸುಲಭ ಉಪಾಯಗಳಿವೆ. ಕಲ್ಲಿನ ನೆಲ, ಗಿಲಾಯಿ ಮಾಡಿದ ಗೋಡೆ, ಬರಿಯ ಸ್ಲ್ಯಾಬು ಇರುವ ಕೋಣೆಯಲ್ಲಿ ಅಧ್ಯಾಪಕರ ಒಂದು ಶಬ್ದ ಅಡಗುವ ಮುನ್ನ ಇನ್ನೊಂದು ಬಂದು ಬೀಳುತ್ತದೆ. ಲಕಾರ–ಳಕಾರ, ಅಲ್ಪಪ್ರಾಣ–ಮಹಾಪ್ರಾಣಗಳ ಭೇದ ಆ ಪ್ರತಿಧ್ವನಿಯಲ್ಲಿ ಕರಗುತ್ತದೆ. ಬೆಂಚುಗಳ ಕಾಲಿಗೆ ರಬ್ಬರು, ಹಿಂದಿನ ಗೋಡೆಗೆ ದಪ್ಪ ಬಟ್ಟೆ ಹೊದಿಸಿದ ಪ್ರದರ್ಶನ ಫಲಕ, ಸಣ್ಣ ಮಕ್ಕಳು ನೆಲದಲ್ಲಿ ಕೂರುವಲ್ಲಿ ಜಮಖಾನೆ. ಪೋಷಕರ ಸಭೆಯೊಂದು ಮನಸ್ಸು ಮಾಡಿದರೆ ಒಂದು ಭಾನುವಾರದ ಕೆಲಸ.

ಹಲಗೆ ನಿಲ್ಲಿಸಲಾರದ ಸದ್ದು

ಬೀದಿಯ ಧ್ವನಿವರ್ಧಕದ ಸದ್ದು ನೆಲದ ಹಲಗೆಯ ಕೆಲಸವಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಕಿಟಕಿ ಮುಚ್ಚಿ ಕೂರುವುದೂ ಆಗದ ಮಾತು. ಅಲ್ಲಿ ಬೇಕಾದುದು ಕಾನೂನು.

ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು 2000ದಿಂದ ಜಾರಿಯಲ್ಲಿವೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ಆ ಅವಧಿಯಲ್ಲಿ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ ಉತ್ಸವಗಳಿಗಾಗಿ ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಹಗಲಿನಲ್ಲಿಯೂ ಲಿಖಿತ ಅನುಮತಿ ಬೇಕು. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರಿನ ನಿಶ್ಶಬ್ದ ವಲಯದಲ್ಲಿ ಮಿತಿ ಹಗಲು 50, ರಾತ್ರಿ 40. 2017ರ ತಿದ್ದುಪಡಿಯ ಬಳಿಕ ಆ ವಲಯವನ್ನು ಸರ್ಕಾರ ಘೋಷಿಸಿದರೆ ಮಾತ್ರ ಅದು ಊರ್ಜಿತ. ಆದ್ದರಿಂದ ತಮ್ಮ ಶಾಲೆಯ ಸುತ್ತಲ ಪ್ರದೇಶ ಘೋಷಿತವಾಗಿದೆಯೇ ಎಂದು ಶಾಲಾ ಸಮಿತಿಗಳು ಲಿಖಿತವಾಗಿ ವಿಚಾರಿಸಬೇಕು. ಆಗಿಲ್ಲದಿದ್ದರೆ ಅರ್ಜಿ ಕೊಡಬೇಕು. ಮತ್ತೊಬ್ಬರ ಸದ್ದನ್ನು ಬಲವಂತವಾಗಿ ಕೇಳಿಸಿಕೊಳ್ಳುವ ಬಾಧ್ಯತೆ ಯಾರಿಗೂ ಇಲ್ಲವೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ 2005ರ ಜುಲೈ 18ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ.

ದೂರು ಕೊಡುವವರು ದಿನಾಂಕ, ಗಂಟೆ, ಸ್ಥಳ ಬರೆದು, ಸಹಿ ಮಾಡಿ, ಸ್ವೀಕೃತಿ ಪಡೆಯಬೇಕು. ರಾತ್ರಿಯ ತುರ್ತಿಗೆ 112. ಸಾರ್ವಜನಿಕ ಉಪದ್ರವವನ್ನು ಭಾರತೀಯ ನ್ಯಾಯ ಸಂಹಿತೆಯ 270ನೆಯ ಕಲಂ ವಿವರಿಸುತ್ತದೆ. ಅದನ್ನು ತೆಗೆಸಲು ಮ್ಯಾಜಿಸ್ಟ್ರೇಟರಿಗೆ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಂ ಅಧಿಕಾರ ಕೊಡುತ್ತದೆ. ಆದರೆ ಮೇಲಿನ ಮನೆಯ ಹೆಜ್ಜೆ ಸಾರ್ವಜನಿಕ ಉಪದ್ರವವಲ್ಲ. ಅದು ಎರಡು ಸಂಸಾರಗಳ ನಡುವಿನ ಸಂಗತಿ. ಮಿತಿ ಮೀರಿದರೆ ಸಿವಿಲ್ ನ್ಯಾಯಾಲಯದ ದಾರಿ ಇದ್ದರೂ, ಮಾತು ಮತ್ತು ಮೆತ್ತೆ ಅದಕ್ಕಿಂತ ಬೇಗ ಫಲ ಕೊಡುತ್ತವೆ.

ಬಾಡಿಗೆಯ ಮನೆಯವರು ಇನ್ನೊಂದನ್ನು ಗಮನಿಸಬೇಕು. ಸ್ವಂತ ಖರ್ಚಿನಲ್ಲಿ ಕೊಂಡಿ ಹಾಕಿ ಹಾಸಿದ ಹಲಗೆಗಳನ್ನು, ಮನೆಯನ್ನು ಮೊದಲಿನ ಸ್ಥಿತಿಗೆ ತಂದಿಟ್ಟು, ಬಿಡುವಾಗ ಒಯ್ಯಲು ಆಸ್ತಿ ವರ್ಗಾವಣೆ ಕಾಯಿದೆಯ 108ನೆಯ ಕಲಂ ಅವಕಾಶ ಕೊಡುತ್ತದೆ. ಒಪ್ಪಂದದಲ್ಲಿ ಬೇರೆ ಬರೆದಿದ್ದರೆ ಅದೇ ಊರ್ಜಿತ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರ ರಾಜ್ಯಕ್ಕೆ ಸೇರಿದವು; ಈಗ ಇಲ್ಲಿನ ಕಾಗದಪತ್ರಗಳ ಭಾಷೆ ಬಹುಮಟ್ಟಿಗೆ ತೆಲುಗು. ತೆಲುಗು ಓದಲಾರದವರು ಬಾಡಿಗೆಯ ಕರಾರನ್ನು ನಂಬಿಕೆಯ ಮೇಲೆ ಸಹಿ ಮಾಡದೆ, ಬಲ್ಲವರಿಂದ ಸಾಲು ಸಾಲಾಗಿ ಓದಿಸಿ ಕೇಳಬೇಕು. ಹಲಗೆ ಹಾಸುವ ಮುನ್ನ ಮಾಲೀಕರ ಒಪ್ಪಿಗೆಯನ್ನು ಬರೆಹದಲ್ಲಿ ಪಡೆದರೆ ನಾಳೆ ಮುಂಗಡದ ಹಣದಲ್ಲಿ ಕಡಿತದ ಜಗಳವಿರುವುದಿಲ್ಲ.

ಹುಡುಗಿಯ ಓದಿಗೆ ಬೇಕಾದುದು ಬಂಗಲೆಯಲ್ಲ. ದಿನಕ್ಕೆ ಎರಡು ಗಂಟೆಯ ಶಾಂತಿ. ಅದರ ಒಂದು ಪಾಲು ಮೆತ್ತೆಯಿಂದ, ಒಂದು ಪಾಲು ಮೇಸ್ತ್ರಿಯ ಕೈಯಿಂದ, ಒಂದು ಪಾಲು ಕಾನೂನಿನಿಂದ ಬರುತ್ತದೆ. ಉಳಿದ ಪಾಲು ಮಹಡಿಯ ಮೆಟ್ಟಿಲು ಹತ್ತಿ ಹೋಗಿ ಆಡುವ ನಾಲ್ಕು ಒಳ್ಳೆಯ ಮಾತಿನಿಂದ ಬರಬೇಕು. ಪರೀಕ್ಷೆಗೆ ಮುನ್ನ ಆ ಮೆಟ್ಟಿಲು ಹತ್ತುವುದಕ್ಕೆ ಖರ್ಚೇನೂ ಇಲ್ಲ.